ಅಂಗಳದ ನಾಯಿಗೆ ಮೊದಲು ಸೂಜಿ, ಆಮೇಲೆ ಲ್ಯಾಬ್ರಡಾರ್ ಮಾತು

ಶಿರಸಿ ಹತ್ತಿರದ ಹಳ್ಳಿಯೊಂದರಿಂದ ಬಂದ ಪತ್ರ ಇದು. ಓದಿ ಬದಿಗಿಡಲು ಆಗಲಿಲ್ಲ. ಅದರಲ್ಲಿರುವ ಒಂದು ಸಾಲಿಗಾಗಿ ಈ ವಾರದ ಅಂಕಣವನ್ನು ಪೂರ್ತಿ ಈ ಪತ್ರಕ್ಕೇ ಕೊಡುತ್ತಿದ್ದೇನೆ.

ಬರೆದವರು ತೋಟದ ಮನೆಯ ಸೊಸೆ. ಏಳನೇ ಕ್ಲಾಸಿನ ಮಗಳಿಗೆ ಲ್ಯಾಬ್ರಡಾರ್ ಮರಿ ಬೇಕಂತೆ. ಹುಬ್ಬಳ್ಳಿಯಲ್ಲಿರುವ ಭಾವ ಅಲ್ಲೇ ಒಬ್ಬರ ಹತ್ತಿರ ಮರಿ ನೋಡಿದ್ದಾರೆ. ಅದಕ್ಕೀಗ ಐವತ್ತು ದಿನ. ಮೂವತ್ತೈದನೇ ದಿನಕ್ಕೆ ಪಾರ್ವೋ ಎಂಬ ವಾಂತಿ-ಭೇದಿಯ ಕಾಯಿಲೆ ಬಂದು, ಡ್ರಿಪ್ ಹಾಕಿಸಿ ಉಳಿಸಿಕೊಂಡರಂತೆ. ಜೊತೆಯ ಮೂರು ಮರಿ ಸತ್ತಿವೆ. ಹದಿನಾಲ್ಕು ಸಾವಿರದ ಮರಿ ಈಗ ಎಂಟು ಸಾವಿರಕ್ಕೆ. ಭಾನುವಾರದೊಳಗೆ ಒಯ್ಯದಿದ್ದರೆ ಬೇರೆಯವರ ಪಾಲು. ಭಾವ ಎರಡು ಸಾವಿರ ಮುಂಗಡ ಕೊಟ್ಟೂ ಆಗಿದೆ. ಗಂಡನಿಗೆ ಕಾಯಿಲೆ ಬಿದ್ದ ಮರಿ ಬೇಡ. 'ಇದ್ದ ನಾಯಿಯನ್ನೇ ನೋಡೋರಿಲ್ಲ, ಮತ್ತೊಂದು ಎಂತಕ್ಕೆ' ಎಂದು ಅತ್ತೆ ಗೊಣಗುತ್ತಾರೆ. ಮಗಳು ಮಾತ್ರ ಫೋಟೋ ನೋಡಿಯೇ ಬ್ರೂನೋ ಅಂತ ಹೆಸರಿಟ್ಟಿದ್ದಾಳೆ. ತರಬಹುದೋ ಬೇಡವೋ?

ಇನ್ನು ಆ ಸಾಲು. ಪತ್ರದ ತುದಿಗೆ, ಸಹಿಯ ಮೇಲೆ, ಹೀಗಿದೆ: 'ಅಂಗಳದಲ್ಲಿ ಒಂದು ಊರ ನಾಯಿ ಇದೆ, ಅದು ಲೆಕ್ಕಕ್ಕಿಲ್ಲ. ಕಳೆದ ಮಳೆಗಾಲದಲ್ಲಿ ನಾಲ್ಕು ಮರಿ ಹಾಕಿತ್ತು, ಒಂದೂ ಉಳಿಯಲಿಲ್ಲ.'

ತಂಗೀ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಆ ಸಾಲಿನಲ್ಲಿ. ಹುಬ್ಬಳ್ಳಿಯ ಮರಿಯ ಮಲ, ವಾಂತಿ, ಡ್ರಿಪ್ ಎಲ್ಲವನ್ನೂ ಒಂದು ಪುಟ ಬರೆದಿದ್ದೀರಿ. ನಿಮ್ಮದೇ ಅಂಗಳದಲ್ಲಿ ಸತ್ತ ನಾಲ್ಕು ಮರಿಗಳಿಗೆ ಅರ್ಧ ಸಾಲು. ಹೇಗೆ ಸತ್ತವು? ರಕ್ತಭೇದಿ ಆಗಿತ್ತೋ, ಹೊಟ್ಟೆಹುಳವೋ, ಚಿರತೆ ಒಯ್ದಿತೋ? ಬರೆದಿಲ್ಲ. ಆ ನಾಯಿಯ ಹೆಸರೂ ಬರೆದಿಲ್ಲ. ಬಹುಶಃ ನಿಮ್ಮ ಅತ್ತೆಗೆ ಗೊತ್ತಿರುತ್ತದೆ. ದಿನಾ ರಾತ್ರಿ ಮಜ್ಜಿಗೆ ಅನ್ನ ಹಾಕುವುದು ಅವರೇ ಎಂದು ನೀವೇ ಬರೆದಿದ್ದೀರಲ್ಲ. ಅನ್ನ ಹಾಕುವವರ ಮಾತು ಮೊದಲು ಕೇಳಿ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಈ ಮನೆಯಲ್ಲಿ ಸರಿಯಾದ ಮಾತಾಡಿದ್ದು ಆ ಹಿರಿಯರೊಬ್ಬರೇ. ಅದನ್ನು ಗೊಣಗಾಟ ಅಂದುಬಿಟ್ಟಿರಿ.

ಮೊದಲು ಪಾರ್ವೋ ವಿಷಯ. ಇದೊಂದು ವೈರಸ್. ನಾಯಿಗಳಲ್ಲಿ ಹರಡಲು ಶುರುವಾಗಿದ್ದೇ 1978ರ ಸುಮಾರಿಗೆ. 'ಹಿಂದಿನವರು ನಾಯಿಗೆ ಸೂಜಿ ಹಾಕಿಸಿದ್ರಾ?' ಅಂತ ಕೇಳುವವರು ಇದನ್ನು ತಿಳಿದಿರಲಿ. ನಿಮ್ಮ ಅಜ್ಜಿಯ ಕಾಲದ ನಾಯಿಗಳಿಗೆ ಈ ಕಾಟ ಇರಲಿಲ್ಲ. ವೈರಸ್ ಕರುಳಿನ ಒಳಪದರ ಕಿತ್ತುಹಾಕುತ್ತದೆ, ರಕ್ತದ ಬಿಳಿ ಕಣ ಇಳಿಸುತ್ತದೆ. ಮರಿ ನೀರು ಕುಡಿದರೂ ಕಾರಿಕೊಳ್ಳುತ್ತದೆ, ನಾತ ಹೊಡೆಯುವ ರಕ್ತಭೇದಿ, ಎರಡೇ ದಿನದಲ್ಲಿ ಸುಸ್ತು. ಇದನ್ನು ದಾಟಿ ಬದುಕಿದ ಮರಿಗೆ ಮತ್ತೆ ಪಾರ್ವೋ ಬರುವುದು ತೀರಾ ಅಪರೂಪ. ಚೆನ್ನಾಗಿ ತಿಂದು, ತೂಕ ಏರಿಸಿಕೊಳ್ಳುತ್ತಿದ್ದರೆ ಅದು ಎಲ್ಲ ನಾಯಿಗಳ ಹಾಗೇ ಬಾಳಿ ಬದುಕುತ್ತದೆ. ಕೆಲವಕ್ಕೆ ಹೊಟ್ಟೆ ಸ್ವಲ್ಪ ನಾಜೂಕು ಉಳಿಯುತ್ತದೆ, ಅಷ್ಟೆ. ತೀರಾ ಎಳೇ ವಯಸ್ಸಿನಲ್ಲಿ ಬಂದರೆ ಮಾತ್ರ ಹೃದಯಕ್ಕೂ ಪೆಟ್ಟು ಬೀಳುವುದುಂಟು. ಅದಕ್ಕೆ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ನೋಡಬೇಕು. ನಾಯಿಯ ಪಾರ್ವೋ ಮನುಷ್ಯರಿಗೆ ಬರುವುದಿಲ್ಲ. ನಿಮ್ಮ ಯಜಮಾನರ ಹೆದರಿಕೆ ಇದೇ ಆಗಿದ್ದರೆ ಬಿಟ್ಟುಬಿಡಲಿ.

ಹಾಗಾದರೆ ತರಬಹುದಲ್ಲ ಅಂದಿರಾ? ಸ್ವಲ್ಪ ತಾಳಿ.

ಗುಣವಾದ ಮೇಲೂ ಮರಿಯ ಮಲದಲ್ಲಿ ಕೆಲವು ವಾರ ವೈರಸ್ ಹೊರಬೀಳುತ್ತಿರುತ್ತದೆ. ನಿಮ್ಮ ಲೆಕ್ಕದ ಪ್ರಕಾರ ಇದಕ್ಕೆ ಕಾಯಿಲೆ ಬಂದೇ ಹದಿನೈದು ದಿನ. ಈಗ ತಂದರೆ ಅಂಗಳಕ್ಕೆ ವೈರಸ್ಸನ್ನೂ ತಂದ ಹಾಗೆ. ನೆರಳಿರುವ ತೇವದ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಅಡಿಕೆ ತೋಟದ ಮನೆಯಂಗಳಕ್ಕಿಂತ ನೆರಳು, ತೇವ ಇನ್ನೆಲ್ಲಿ? ಫಿನಾಯಿಲ್ ಹಾಕಿ ತೊಳೆದರೆ ಅದು ಜಗ್ಗುವುದಿಲ್ಲ. ಸಿಮೆಂಟ್ ನೆಲಕ್ಕೆ ಬ್ಲೀಚಿಂಗ್ ನೀರು ನಡೆಯುತ್ತದೆ, ಮಣ್ಣಿಗೆ ಅದೂ ಅಷ್ಟಕ್ಕಷ್ಟೆ. ಅಂಗಳದ ನಾಯಿಗೆ ಮೊದಲೇ ಇದು ಬಂದು ಹೋಗಿದ್ದರೆ ಅದಕ್ಕೆ ತೊಂದರೆ ಆಗಲಿಕ್ಕಿಲ್ಲ. ಬಂದಿದೆಯೋ ಇಲ್ಲವೋ, ನೋಡಿ ಹೇಳಲು ಬರುವುದಿಲ್ಲ. ಮುಂದೆ ಅದು ಹಾಕುವ ಮರಿಗಳ ಗತಿ?

ಇನ್ನೊಂದು ಕಡೆ ನೋಡಿ. ಕಳೆದ ವರ್ಷದ ನಾಲ್ಕು ಮರಿ ಸತ್ತಿದ್ದೂ ಪಾರ್ವೋದಿಂದಲೇ ಆಗಿದ್ದರೆ, ಅದು ನಿಮ್ಮಲ್ಲಿಗೆ ಆಗಲೇ ಬಂದು ಹೋಗಿದೆ. ಆಗ ಆ ಅಂಗಳದಲ್ಲಿ ಪಾರ್ವೋಗೆ ಹೆದರಬೇಕಿಲ್ಲದ ಮರಿ ಯಾವುದು ಗೊತ್ತಾ? ನೀವು ಬೇಕೋ ಬೇಡವೋ ಎಂದು ತೂಗುತ್ತಿರುವ ಬ್ರೂನೋ. ಚೊಕ್ಕ ಆರೋಗ್ಯದ ಬೇರೆ ಮರಿ ತರೋಣ ಎಂದು ನಿಮ್ಮ ಯಜಮಾನರು ಹೊರಟರೆ, ಲಸಿಕೆ ಪೂರ್ತಿ ಆಗದ ಆ ಮರಿಗೇ ಅಪಾಯ ಜಾಸ್ತಿ.

ಈಗ ಭಾವನ ವಿಷಯ. ನನಗೆ ಸಿಟ್ಟು ಬಂದಿರುವುದು ಅವರ ಮೇಲೆ. ಮನೆಯವರನ್ನು ಕೇಳದೆ ಮುಂಗಡ ಕೊಟ್ಟು, ಮಗುವಿಗೆ ನೇರವಾಗಿ ಫೋಟೋ ಕಳಿಸಿ, ಆಮೇಲೆ 'ಭಾನುವಾರ ಬನ್ನಿ' ಅನ್ನುವುದು ಯಾವ ನ್ಯಾಯ? ಮಗು ಆಸೆ ಕಟ್ಟಿಕೊಂಡ ಮೇಲೆ ದೊಡ್ಡವರು ಬೇಡ ಅನ್ನುವುದು ಹೇಗೆ? ನಾಯಿ ಸಾಕುವ ಮನೆ ಅವರದ್ದಲ್ಲ, ಮಳೆಯಲ್ಲಿ ಮಲ ಬಳಿಯುವವರು ಅವರಲ್ಲ. ಇನ್ನು ಮಾರುವವರು. ಐವತ್ತು ದಿನದ ಮರಿಯನ್ನು ಮಾರುವ ಹಾಗೇ ಇಲ್ಲ. 2017ರ ಕೇಂದ್ರದ ನಾಯಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬಲೇಬೇಕು, ಅಂದರೆ ಐವತ್ತಾರು ದಿನ. ಭಾನುವಾರದ ಗಡಿಬಿಡಿ ಯಾಕಿರಬಹುದು? ಮರಿ ಇನ್ನೂ ಅವರ ಕೈಯಲ್ಲಿರುವಾಗಲೇ ಏನಾದರೂ ಆದರೆ ಡಾಕ್ಟರ ಖರ್ಚು ಅವರದ್ದು. ಅವಸರ ಮಾಡಿ ಮಾರುವವರ ಹತ್ತಿರ ಸೂಜಿ ಮೊನೆಯನ್ನೂ ಕೊಳ್ಳಬಾರದು, ಇದು ನನ್ನ ಹಳೇ ಹಟ.

ಅಲ್ಲದೆ, 'ಪಾರ್ವೋ' ಅಂದಿದ್ದು ಬರೀ ಬಾಯಿಮಾತು. ಪರೀಕ್ಷೆ ಮಾಡಿಸಿದ ಚೀಟಿ ಇದೆಯಾ? ಡಿಸ್ಟೆಂಪರ್ ಎಂಬ ನಾಯಿಗಳ ಇನ್ನೊಂದು ವೈರಸ್ ಕಾಯಿಲೆಯಲ್ಲೂ ವಾಂತಿ, ಭೇದಿ ಇರುತ್ತದೆ, ಜೊತೆಗೆ ಕಣ್ಣಿಂದ ಮೂಗಿಂದ ಗೊಣ್ಣೆ ಸುರಿಯುತ್ತದೆ. ಅದು ಗುಣವಾಯಿತು ಅಂದುಕೊಂಡ ಕೆಲವು ವಾರಗಳ ಮೇಲೆ ಫಿಟ್ಸ್ ಬರಬಹುದು, ಕಾಲು ಅದುರಬಹುದು. ಹನ್ನೆರಡು ವರ್ಷದ ಹುಡುಗಿಯ ಕಣ್ಣೆದುರು ಅದು ಆಗಬಾರದು.

ಹಾಗಾಗಿ ನಾನು ಹೇಳುವ ಕೆಲಸ ಒಂದೇ. ಈ ವಾರವೇ ಅಂಗಳದ ನಾಯಿಗೆ ಲಸಿಕೆ ಹಾಕಿಸಿ. ರೇಬೀಸ್‌ನದ್ದು, ಜೊತೆಗೆ ಪಾರ್ವೋ, ಡಿಸ್ಟೆಂಪರ್, ಇಲಿ ಜ್ವರ ಎಲ್ಲ ಸೇರಿದ ಇನ್ನೊಂದು. ಕೊಟ್ಟಿಗೆಗೆ ದನ ನೋಡಲು ಬರುವ ಡಾಕ್ಟರಿಗೇ ಹೇಳಿ, ಬರುವಾಗ ತರುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಪೇಟೆಯ ಔಷಧಿ ಅಂಗಡಿಯಿಂದ ಐಸ್ ಹಾಕಿಸಿಕೊಂಡು ತನ್ನಿ. ಜೀವಮಾನದಲ್ಲಿ ಸರಪಳಿ ಕಾಣದ ನಾಯಿ ಹೊಸಬರ ಕೈಗೆ ಸಿಗುವುದಿಲ್ಲ. ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿರುವಾಗ ಅತ್ತೆಯೇ ಹೋಗಿ ಹಿಡಿದುಕೊಳ್ಳಲಿ. ಹಿಡಿದಾಗ ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ ಉಣುಗು ಇದೆಯಾ ನೋಡಿ. ಸೊಪ್ಪಿನ ಬೆಟ್ಟಕ್ಕೆ ಹೋಗಿ ಬರುವ ನಾಯಿ ಅದು. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದು ಪಕ್ಕದ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ. ಬೆಟ್ಟದ ಉಣುಗು ನಾಯಿಯ ಮೈಮೇಲೆ ಕೂತು ಜಗುಲಿಗೆ ಬರುತ್ತದೆ. ಉಣುಗಿನ ಔಷಧಿಯನ್ನೂ ಅದೇ ದಿನ ಕೇಳಿ. ಮಗಳು ಇಷ್ಟು ವರ್ಷ ತಲೆ ಸವರಿದ್ದು ಈ ನಾಯಿಯದ್ದೇ, ಅದಕ್ಕೆ ರೇಬೀಸ್ ಸೂಜಿಯೂ ಆಗಿಲ್ಲ. ಇದು ಲೆಕ್ಕಕ್ಕಿಲ್ಲದ ವಿಷಯವೇ?

ಮೂರು ವಾರ ಬಿಟ್ಟು ಎರಡನೇ ಸೂಜಿ. ಆಮೇಲೆ ಎರಡು ವಾರ ಸುಮ್ಮನಿರಿ. ಅಷ್ಟರಲ್ಲಿ ಬ್ರೂನೋಗೆ ಮೂರು ತಿಂಗಳಾಗುತ್ತದೆ. ಮಲದಲ್ಲಿ ವೈರಸ್ ಹೊರಬೀಳುವುದು ನಿಂತಿರುತ್ತದೆ. ಡಿಸ್ಟೆಂಪರ್ ಆಗಿದ್ದರೆ ಬಹುತೇಕ ಗೊತ್ತಾಗಿರುತ್ತದೆ. ಆಗ ಹುಬ್ಬಳ್ಳಿಗೆ ನೀವೇ ಹೋಗಿ. ಚೀಟಿ ನೋಡಿ, ತಾಯಿ ನಾಯಿ ನೋಡಿ, ಮರಿ ತಟ್ಟೆ ಖಾಲಿ ಮಾಡುವುದನ್ನು ನಿಂತು ನೋಡಿ, ಡಾಕ್ಟರಿಂದ ಹೃದಯ ಕೇಳಿಸಿ. ಸರಿ ಕಂಡರೆ ತನ್ನಿ. ಪಾರ್ವೋ ಬಂದಿತ್ತು ಎಂದು ಉಳಿದ ಲಸಿಕೆ ಬಿಡಬೇಡಿ. ನೀರು, ಇಲಿ ಎರಡೂ ಇರುವ ತೋಟದಲ್ಲಿ ಇಲಿ ಜ್ವರದ ಸೂಜಿ ನಾಯಿಗೆ ಬೇಕೇ ಬೇಕು. ಆ ರೋಗ ನಾಯಿಯಿಂದ ನಿಮಗೂ ಬರುವಂಥದ್ದು.

ಅಷ್ಟು ದಿನ ಅವರು ಕಾಯಲಿಲ್ಲ, ಮರಿ ಬೇರೆಯವರಿಗೆ ಹೋಯಿತು ಅಂದರೆ ಹೋಗಲಿ. ಎರಡು ಸಾವಿರದ ಮುಂಗಡ ಭಾವನೇ ವಸೂಲು ಮಾಡಿಕೊಳ್ಳಲಿ, ನೀವು ಕೊಡಬೇಡಿ. ಮಗಳಿಗೆ ನಿಜ ಹೇಳಿ: 'ಮೊದಲು ನಮ್ಮ ನಾಯಿಗೆ ಸೂಜಿ ಆಗಬೇಕು, ತಾರೀಕು ಬರೆದಿಡುವ ಕೆಲಸ ನಿನ್ನದು.' ಇವತ್ತು ಸಂಜೆ ಭಾವನಿಗೆ ಫೋನ್ ಮಾಡಿ, ಭಾನುವಾರ ಬರುವುದಿಲ್ಲ ಎಂದು ಹೇಳಿಬಿಡಿ. ಫೋನ್ ನೀವೇ ಮಾಡಿ, ಯಜಮಾನರ ಕೈಯಲ್ಲಿ ಮಾಡಿಸಬೇಡಿ.