ಒಂದು ಎಕರೆ ಮತ್ತು ಒಂದು ಸೀಟು

ಮಾನ್ಯರೇ,

ಹಿರೇಕೆರೂರು ತಾಲ್ಲೂಕಿನಿಂದ ನೀವು ಬರೆದ ಪತ್ರ ತಲುಪಿದೆ. ಸಿಇಟಿ ರ‍್ಯಾಂಕಿನ ಪ್ರಕಾರ ನಿಮ್ಮ ಮಗಳಿಗೆ ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಸೀಟು ಸಿಗುತ್ತದೆ. ಕಂಪ್ಯೂಟರ್ ಸೈನ್ಸೇ ಬೇಕೆಂದರೆ ಬೆಂಗಳೂರಿನ ಖಾಸಗಿ ಕಾಲೇಜೊಂದು ಮ್ಯಾನೇಜ್‌ಮೆಂಟ್ ಕೋಟಾದಡಿ 13 ಲಕ್ಷ ರೂಪಾಯಿ ಕೇಳುತ್ತಿದ್ದು, ಅದರಲ್ಲಿ ಐದೂವರೆ ಲಕ್ಷಕ್ಕೆ ರಸೀದಿ ಕೊಡುವುದಿಲ್ಲ. ಎರಡೂವರೆ ಎಕರೆ ಗೋವಿನಜೋಳದ ಹೊಲದಲ್ಲಿ ಒಂದು ಎಕರೆ ಮಾರಲು ಹೊರಟಿರುವ ನೀವು, ಕಾಲೇಜು ಓದಿಗೆ ಈಗ ಅಷ್ಟು ಬೆಲೆ ಇದೆಯೇ ಎಂದು ಕೇಳಿದ್ದೀರಿ.

ಓದಿಗೆ ಬೆಲೆ ಇದೆ ಎಂದೇ ನನ್ನ ನಂಬಿಕೆ. ಆದರೆ ಎರಡೂ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದವೆಂದು ನೀವೇ ಬರೆದಿದ್ದೀರಿ. ಬಿಇ ಪದವಿ ಹಾವೇರಿಯಲ್ಲೂ ಸಿಗುತ್ತದೆ. ಹಾಗಾಗಿ ನಿಮ್ಮ ಎಕರೆ ಹೋಗುತ್ತಿರುವುದು ಪದವಿಗಲ್ಲ, ಎರಡು ಸೀಟುಗಳ ನಡುವಿನ ವ್ಯತ್ಯಾಸಕ್ಕೆ.

ಮೊದಲು ರಸೀದಿಯಿಲ್ಲದ ಹಣದ ವಿಚಾರ. ಸೀಟು ಕೊಡಲು ನಿಗದಿತ ಶುಲ್ಕದ ಮೇಲೆ ವಸೂಲು ಮಾಡುವ ಇಂಥ ಹಣವನ್ನು, ಅಂದರೆ ಕ್ಯಾಪಿಟೇಷನ್ ಶುಲ್ಕವನ್ನು, ಕರ್ನಾಟಕದ ಕಾನೂನು 1984ರಲ್ಲೇ ನಿಷೇಧಿಸಿದೆ, ಮತ್ತು ಈ ಪದ್ಧತಿಯ ವಿರುದ್ಧ ಸುಪ್ರೀಂ ಕೋರ್ಟ್ 1992ರಲ್ಲಿ ನೀಡಿದ ಮೋಹಿನಿ ಜೈನ್ ತೀರ್ಪು ನಮ್ಮ ರಾಜ್ಯದ ವೈದ್ಯಕೀಯ ಸೀಟೊಂದರಿಂದಲೇ ಹುಟ್ಟಿದ್ದು. ಬ್ಯಾಂಕು ಲೆಕ್ಕಪತ್ರವಿರುವ ಶುಲ್ಕಕ್ಕಷ್ಟೇ ಸಾಲ ಕೊಡುತ್ತದೆ. ಅಂದರೆ, ಕಾನೂನು ಯಾವ ಹಣವನ್ನು ಕೇಳಬಾರದೆಂದು ಹೇಳಿದೆಯೋ ಆ ಹಣಕ್ಕಾಗಿಯೇ ನೀವು ಹೊಲ ಮಾರಬೇಕಾಗಿದೆ. ಮಗಳು ಅರ್ಧಕ್ಕೆ ಬಿಟ್ಟು ಬಂದರೆ ಅದನ್ನು ವಾಪಸು ಕೇಳಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಉಳಿದ ಏಳೂವರೆ ಲಕ್ಷವೂ ಹಗುರವಲ್ಲ. ಮ್ಯಾನೇಜ್‌ಮೆಂಟ್ ಸೀಟಿಗೆ ಬ್ಯಾಂಕುಗಳು ಹಿಂಜರಿಯುವುದುಂಟು. ಆದರೂ ಶೇ 10ರ ಬಡ್ಡಿಗೆ ಅಷ್ಟೂ ಸಾಲ ಸಿಕ್ಕಿತೆನ್ನೋಣ. ವರ್ಷಕ್ಕೊಂದರಂತೆ ನಾಲ್ಕು ಸಮಾನ ಕಂತುಗಳಲ್ಲಿ ಪಡೆದರೆ, ಓದು ಮುಗಿದು, ಮರುಪಾವತಿ ಶುರುವಾಗುವ ಮುಂಚಿನ ಒಂದು ವರ್ಷದ ವಿನಾಯಿತಿ ಕಳೆಯುವಷ್ಟರಲ್ಲಿ ಸರಳ ಬಡ್ಡಿಯೊಂದಿಗೆ ಅದು ಸುಮಾರು 10.1 ಲಕ್ಷವಾಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ 13,400 ರೂಪಾಯಿಯಷ್ಟು ಕಟ್ಟಬೇಕು. ಮೊದಲ ಕೆಲಸದಲ್ಲಿ 25,000 ಬಂದರೆ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು. ಬೆಂಗಳೂರಿನ ಪಿಜಿ ಬಾಡಿಗೆ ಬೇರೆ. ಕೆಲಸವೇ ತಡವಾದರೆ? ನಿರುದ್ಯೋಗಿ ಪದವೀಧರರಿಗೆ ಯುವನಿಧಿಯಲ್ಲಿ ಸರ್ಕಾರ ಕೊಡುವುದು ತಿಂಗಳಿಗೆ 3,000 ರೂಪಾಯಿ, ಅದೂ ಎರಡು ವರ್ಷದ ಮಟ್ಟಿಗೆ.

ಆ ಕಾಲೇಜಿನ ಜಾಹೀರಾತಿನಲ್ಲಿರುವ ‘ಅತ್ಯಧಿಕ ಪ್ಯಾಕೇಜ್’ ಒಬ್ಬ ವಿದ್ಯಾರ್ಥಿಯದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬುದನ್ನೂ, ಅವರ ಸಂಬಳಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ನಿಲ್ಲುವ ಮೊತ್ತವನ್ನೂ ಸಲ್ಲಿಸಬೇಕು. ಆ ಎರಡು ಅಂಕಿಗಳನ್ನು ಕೇಳಿ. ಕೊಡಲು ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಕಂಪ್ಯೂಟರ್ ಸೈನ್ಸ್‌ಗೆ ಬೇಡಿಕೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಆಕೆಗೆ ಅದರಲ್ಲಿ ನಿಜವಾದ ಆಸಕ್ತಿಯಿದ್ದರೆ ಸಿಇಟಿ ಸೀಟು ಹಂಚಿಕೆಯ ಮುಂದಿನ ಸುತ್ತುಗಳಲ್ಲಿ ಬೇರೆ ಸರ್ಕಾರಿ, ಅನುದಾನಿತ ಕಾಲೇಜುಗಳ ಹೆಸರನ್ನೂ ಸೇರಿಸಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, ಬೋಧನಾ ಶುಲ್ಕವೇ ಇಲ್ಲದ ಎಸ್‌ಎನ್‌ಕ್ಯೂ ಸೀಟುಗಳಿವೆ. ಆದಾಯ ಪ್ರಮಾಣಪತ್ರವನ್ನು ಇಂದೇ ಮಾಡಿಸಿಕೊಳ್ಳಿ.

‘ಹೆಣ್ಣುಮಗಳಿಗೆ ಅಷ್ಟು ಯಾಕೆ, ಆ ಎಕರೆ ಮದುವೆಗಿರಲಿ’ ಎಂದ ನಿಮ್ಮ ಭಾವಮೈದುನರ ಜೊತೆ ನನ್ನನ್ನು ಸೇರಿಸಬೇಡಿ. ಮದುವೆಗೆ ಹೊಲ ಮಾರುವವರು ಅದರಿಂದೇನು ಬಂತೆಂದು ಯಾವ ಸಂಪಾದಕರನ್ನೂ ಕೇಳಿದ್ದನ್ನು ನಾನು ಕಂಡಿಲ್ಲ. ರಸೀದಿ ಕೊಡುವ ಒಳ್ಳೆಯ ಕಾಲೇಜಿನ ಶುಲ್ಕಕ್ಕೆ ಅರ್ಧ ಎಕರೆ ಹೋಗುವುದಾದರೆ ನಾನು ಬೇಡವೆನ್ನುತ್ತಿರಲಿಲ್ಲ.

ನಾಲ್ಕು ಪುಟದ ಪತ್ರದಲ್ಲಿ ಮಗಳ ಮಾತು ಒಂದೂ ಇಲ್ಲ. ಮೇಲಿನ ಲೆಕ್ಕವನ್ನು ಆಕೆಯ ಮುಂದಿಡಿ, ಹಾವೇರಿಯ ಕಾಲೇಜನ್ನು ಒಮ್ಮೆ ಜೊತೆಯಲ್ಲೇ ನೋಡಿಬನ್ನಿ. ಶಿಕ್ಷಣ ಸಾಲದ ಕಾಗದದಲ್ಲಿ ಮುಖ್ಯ ಸಾಲಗಾರಳು ಆಕೆಯೇ, ನೀವು ಸಹ-ಸಾಲಗಾರರು.

— ಸಂಪಾದಕ