ಕೋಳಿಗೆ ಕೈ, ಮೊಟ್ಟೆಗೆ ಖೈ: ಥಾಯ್ ಮಾತು ಕಲಿಯುವವರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಯಜಮಾನರಿಗೆ ಬ್ಯಾಂಕಾಕ್‌ಗೆ ವರ್ಗ ಆಗಿದೆ. ಮೂರು ತಿಂಗಳಲ್ಲಿ ನಾನೂ ಮಗನೂ ಹೋಗಬೇಕು. ಒಂದು ತಿಂಗಳಿಂದ ಮೊಬೈಲ್ ಆ್ಯಪ್‌ನಲ್ಲಿ ಥಾಯ್ ಕಲಿಯುತ್ತಿದ್ದೇನೆ. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತೇನೆ. ಆದರೆ ಒಂದೇ ತರ ಬರೆದ ಪದಕ್ಕೆ ಮೂರು ನಾಲ್ಕು ಅರ್ಥ ಇರುತ್ತದೆ. ಐದು ಟೋನ್ (ದನಿಯ ಏರಿಳಿತ) ಇವೆಯಂತೆ. ನನಗೆ ಸಂಗೀತದ ಗಂಧವೂ ಇಲ್ಲ. ಈ ಭಾಷೆ ನನಗೆ ಬರುತ್ತಾ?
— ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಬರುತ್ತದೆ. ಆದರೆ ಇವತ್ತೇ ಒಂದು ಕೆಲಸ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಆ ನೋಟ್‌ಬುಕ್ ಪಕ್ಕಕ್ಕಿಡಿ. ಹೊಸ ಪುಸ್ತಕ ತಗೊಂಡು ಕನ್ನಡದಲ್ಲಿ ಬರೆಯಿರಿ. ನಿಮ್ಮ ತೊಂದರೆಯ ಅರ್ಧ ಭಾಗ ಥಾಯ್ ಭಾಷೆಯದ್ದಲ್ಲ, ಆ ಸ್ಪೆಲಿಂಗಿನದ್ದು.

ಒಂದು ಉದಾಹರಣೆ ನೋಡಿ. ಥಾಯ್‌ನಲ್ಲಿ ಕೋಳಿಗೆ ‘ಕೈ’ ಎನ್ನುತ್ತಾರೆ, ಮೊಟ್ಟೆಗೆ ‘ಖೈ’ ಎನ್ನುತ್ತಾರೆ. ಎರಡಕ್ಕೂ ಒಂದೇ ಟೋನ್. ವ್ಯತ್ಯಾಸ ಇರುವುದು ಕ ಮತ್ತು ಖ ನಡುವೆ ಮಾತ್ರ. ಇಂಗ್ಲಿಷ್ ಮಾತಾಡಿ ಬೆಳೆದವರಿಗೆ ಇದು ಕೇಳಿಸುವುದಕ್ಕೇ ವಾರಗಟ್ಟಲೆ ಬೇಕು. ನೀವು ಒಂದನೇ ಕ್ಲಾಸಿನಲ್ಲೇ ಅಲ್ಪಪ್ರಾಣ, ಮಹಾಪ್ರಾಣ ಕಲಿತಿದ್ದೀರಿ. ತ–ಥ, ಪ–ಫ, ಚ–ಛ ಎಲ್ಲ ಹೀಗೇ. ‘ತಾ’ ಎಂದರೆ ಕಣ್ಣು, ‘ಥಾ’ ಎಂದರೆ ಹಚ್ಚು, ಬಳಿ. ‘ಪಾ’ ಅತ್ತೆ, ದೊಡ್ಡಮ್ಮನ ವಯಸ್ಸಿನವರಿಗೆ, ‘ಫಾ’ ಬಟ್ಟೆಗೆ.

ಇಲ್ಲಿ ಎರಡು ಎಚ್ಚರಿಕೆ. ನಮ್ಮಲ್ಲಿ ಎಷ್ಟೋ ಜನ ಮಾತಾಡುವಾಗ ಮಹಾಪ್ರಾಣ ನುಂಗಿಬಿಡುತ್ತೇವೆ, ‘ಖರ್ಚು’ ಅನ್ನೋದು ‘ಕರ್ಚು’ ಆಗುತ್ತದೆ. ಥಾಯ್‌ನಲ್ಲಿ ಹಾಗೆ ಮಾಡಿದರೆ ಮೊಟ್ಟೆ ಕೇಳಿದವರ ತಟ್ಟೆಗೆ ಕೋಳಿ ಬರುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹೇಳಿ ನೋಡಿ: ‘ಖೈ’ಗೆ ಉಸಿರು ಅಂಗೈಗೆ ತಾಗಬೇಕು, ‘ಕೈ’ಗೆ ತಾಗಬಾರದು. ಎರಡನೆಯದು ‘ಫ’. ಈಗ ನಾವು ‘ಫ್ಯಾನ್’ ಅಂದ ಹಾಗೆ ಎಲ್ಲ ಫಕಾರವನ್ನೂ ಹಲ್ಲು ತಾಗಿಸಿ ಹೇಳುತ್ತೇವೆ. ಥಾಯ್‌ನಲ್ಲಿ ಅದೂ ಇದೆ, ತುಟಿ ಮುಚ್ಚಿ ಉಸಿರು ಬಿಡುವ ಹಳೇ ‘ಫಲ’ದ ಫ ಕೂಡ ಇದೆ. ಮುಂದೆ ಬರುವ ‘ಕಾಫೆ’ (ಕಾಫಿ) ಒಂದನ್ನು ಬಿಟ್ಟು, ಇಲ್ಲಿ ಥಾಯ್ ಪದಗಳಲ್ಲಿ ನಾನು ಫ ಎಂದು ಬರೆದಲ್ಲೆಲ್ಲ ತುಟಿ ಮುಚ್ಚಿ ಹೇಳುವ ಫ ಎಂದೇ ಓದಿಕೊಳ್ಳಿ. ಗಂಡಸರು ‘ನಾನು’ ಎನ್ನಲು ಹೇಳುವ ‘ಫೊಮ್’ನಲ್ಲಿ ಇರುವುದು ಅದೇ.

ಪದದ ಕೊನೆಗೂ ಗಮನ ಕೊಡಿ. ನಾವು ಬಸ್ಸು, ಕಾರು, ಬ್ಯಾಂಕು ಎಂದು ಕೊನೆಗೊಂದು ಉ ಸೇರಿಸುವವರು. ಥಾಯ್ ಪದದ ಕೊನೆಯ ಪ್, ತ್, ಕ್ ಬಾಯಲ್ಲೇ ನಿಂತುಹೋಗುತ್ತವೆ. ಇದಕ್ಕೆ ಸುಲಭದ ದಾರಿ ನಮ್ಮ ಒತ್ತಕ್ಷರ. ‘ಅಪ್ಪ’ ಎನ್ನಲು ಹೋಗಿ ತುಟಿ ಮುಚ್ಚಿದಲ್ಲೇ ನಿಲ್ಲಿಸಿ. ‘ಅಕ್ಕ’ ಎನ್ನಲು ಹೋಗಿ ಗಂಟಲು ಕಟ್ಟಿದಲ್ಲೇ ನಿಲ್ಲಿಸಿ. ಥಾಯ್ ಪದಗಳು ಮುಗಿಯುವುದು ಅಲ್ಲೇ. ‘ಖೋಪ್ ಖುನ್’ (ಧನ್ಯವಾದ) ಎನ್ನುವಾಗ ಪ್ ಮೇಲೆ ತುಟಿ ಬಿಚ್ಚದೆ ನೇರ ಖುನ್‌ಗೆ ಹೋಗಿ.

ಈಗ ಟೋನ್ ವಿಷಯ. ಸಂಗೀತ ಬರಬೇಕಾಗಿಲ್ಲ. ದಿನವೂ ನೀವು ‘ಹೂಂ’ ಅನ್ನುತ್ತೀರಲ್ವಾ, ಅಷ್ಟು ಸಾಕು. ಯಾರೋ ಕತೆ ಹೇಳುವಾಗ ಸುಮ್ನೆ ಹೂಂಗುಟ್ಟುತ್ತೀರಿ, ಅದು ಥಾಯ್‌ನ ಸಮ ಸ್ವರ. ಸುಸ್ತಾಗಿ ಕೂತಾಗ ಯಾರಾದರೂ ಕೆಲಸ ಹೇಳಿದರೆ ಬರುವ ಹೂಂ ತಗ್ಗು ಸ್ವರ. ತಟ್ಟೆ ಮುಂದೆ ಆಟ ಆಡುವ ಮಗನಿಗೆ ‘ಹೂಂ! ತಿನ್ನು’ ಎನ್ನುತ್ತೀರಲ್ಲ, ಮೇಲಿಂದ ಧಪ್ಪಂತ ಬೀಳುವ ಆ ಹೂಂ ಇಳಿ ಸ್ವರ. ಆಚೆ ಕೋಣೆಯಿಂದ ಕರೆದವರಿಗೆ ಕೇಳಲಿ ಅಂತ ದನಿ ಎತ್ತರದಲ್ಲೇ ಹಿಡಿದು ಹೇಳುವ ಹೂಂ ಎತ್ತರ ಸ್ವರ. ಮಾತು ಕೇಳಿಸದೆ ‘ಹೂಂ?’ ಎಂದರೆ ಅದು ಏರು ಸ್ವರ. ಐದೂ ನಿಮ್ಮ ಗಂಟಲಲ್ಲೇ ಇವೆ. ಕನ್ನಡದಲ್ಲಿ ದನಿ ಬದಲಾದರೆ ಭಾವ ಬದಲಾಗುತ್ತದೆ, ಥಾಯ್‌ನಲ್ಲಿ ಪದವೇ ಬದಲಾಗುತ್ತದೆ. ‘ಮಾ’ ಸಮ ಸ್ವರದಲ್ಲಿ ಬಾ ಎಂದು, ಎತ್ತರದಲ್ಲಿ ಕುದುರೆ, ಏರಿನಲ್ಲಿ ನಾಯಿ.

ಹೊಸಬರು ಎಡವುವ ಜಾಗವೂ ಇದೇ. ಸರಿಯೋ ತಪ್ಪೋ ಗೊತ್ತಿಲ್ಲದಿದ್ದಾಗ ನಾವೆಲ್ಲ ಪದದ ಕೊನೆಯನ್ನು ಪ್ರಶ್ನೆ ಮಾಡುವ ಹಾಗೆ ಮೇಲಕ್ಕೆ ಎತ್ತುತ್ತೇವೆ. ಬಾ ಎನ್ನಲು ಹೋಗಿ ಅನುಮಾನದಲ್ಲಿ ‘ಮಾ?’ ಎಂದರೆ ನಾಯಿ ಎಂದಂತಾಯಿತು. ಅನುಮಾನ ಇದ್ದರೂ ಸ್ವರ ಬಿಡಬೇಡಿ.

ನಾನು ಇದನ್ನು ಕಲಿತಿದ್ದು ಬ್ಯಾಂಕಾಕ್‌ನಲ್ಲಿ, ಹಣ್ಣು ಮಾರುವ ಒಬ್ಬ ಹೆಂಗಸಿನಿಂದ. ನಮ್ಮ ಸೋಯ್ (ಅಲ್ಲಿ ಓಣಿಗೆ ಹೀಗೆನ್ನುತ್ತಾರೆ) ಬಾಯಲ್ಲಿ ಅವರ ಗಾಡಿ ಇತ್ತು. ಹೊಸದರಲ್ಲಿ ಒಂದು ಮಧ್ಯಾಹ್ನ ಮೆಟ್ರೋ ಸ್ಟೇಷನ್ ಹತ್ತಿರವಾ ಎಂದು ಕೇಳಿದೆ. ಅವರು ‘ಕ್ಲೈ’ ಎಂದರು. ಹತ್ತಿರ ಅಂದುಕೊಂಡು ನಡೆದೆ. ಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆದ ಮೇಲೆ ಸ್ಟೇಷನ್ ಸಿಕ್ಕಿತು. ಸಂಜೆ ವಾಪಸ್ ಬಂದು ಹೇಳಿದಾಗ ಅವರು ಅನಾನಸ್ ಕತ್ತರಿಸುವುದನ್ನು ನಿಲ್ಲಿಸಿ, ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡರು. ಒಂದು ಕೈಯನ್ನು ಮುಂದಕ್ಕೆ ಮಟ್ಟಸವಾಗಿ, ರಸ್ತೆ ತರ ಚಾಚಿ ‘ಕ್ಲೈ’ ಎಂದರು. ದೂರ. ಆಮೇಲೆ ಅದೇ ಕೈಯನ್ನು ಎದೆ ಮಟ್ಟದಿಂದ ಗಾಡಿಯ ಹಲಗೆಗೆ ಇಳಿಸಿ ‘ಕ್ಲೈ’ ಎಂದರು. ಹತ್ತಿರ. ಸಮ ಸ್ವರದಲ್ಲಿ ದೂರ, ಇಳಿ ಸ್ವರದಲ್ಲಿ ಹತ್ತಿರ. ನಾನೂ ಕೈ ಆಡಿಸಿ ಹೇಳಿದೆ. ಸರಿಯಾಗುವ ತನಕ ಅವರು ಬಿಡಲಿಲ್ಲ.

ಅವತ್ತಿನಿಂದ ನಾನು ಕಲಿಯುವುದೂ ಕಲಿಸುವುದೂ ಹಾಗೇ. ಹೊಸ ಪದ ಬಂದರೆ ಕೈಯೂ ಅದರ ಜೊತೆ ಏರಬೇಕು, ಇಳಿಯಬೇಕು. ನಿಮ್ಮ ಹೊಸ ಪುಸ್ತಕದಲ್ಲಿ ಪ್ರತಿ ಪದದ ತಲೆ ಮೇಲೆ ಪೆನ್ಸಿಲಿನಲ್ಲಿ ಆ ಗೆರೆ ಎಳೆಯಿರಿ. ಪದ ಮೊದಲು, ಟೋನ್ ಆಮೇಲೆ ಎಂದು ಬಿಡಬೇಡಿ. ಟೋನ್ ಇಲ್ಲದ ಪದ ಕಲಿತರೆ ಮುಂದೆ ಅದನ್ನು ಮರೆತು ಮತ್ತೆ ಕಲಿಯಬೇಕಾಗುತ್ತದೆ, ಅದು ಡಬಲ್ ಕೆಲಸ.

ವ್ಯಾಕರಣಕ್ಕೆ ಹೆದರಬೇಡಿ. ಕ್ರಿಯಾಪದ ಬದಲಾಗುವುದೇ ಇಲ್ಲ. ‘ಪೈ’ ಎಂದರೆ ಹೋಗು. ನಾನು ಹೋದರೂ ಅವರು ಹೋದರೂ, ನಿನ್ನೆ ಆದರೂ ನಾಳೆ ಆದರೂ ಪೈ. ‘ಪೈ ಮೈ?’ ಎಂದರೆ ಹೋಗ್ತೀರಾ? ಉತ್ತರ ‘ಪೈ’, ಇಲ್ಲವೇ ‘ಮೈ ಪೈ’. ಹೋಗ್ತೀನಿ, ಹೋಗಲ್ಲ ಎಂದು ನಾವು ಹೇಳುವ ಹಾಗೇ. ಕೊನೆಯಲ್ಲಿ ಬರುವ ಪ್ರಶ್ನೆಯ ಮೈ ಎತ್ತರ ಸ್ವರ, ಮೊದಲು ಬರುವ ಇಲ್ಲ ಎಂಬ ಮೈ ಇಳಿ ಸ್ವರ. ಎಣಿಸಿ ಕೇಳುವ ಕ್ರಮವೂ ನಿಮಗೆ ಹೊಸದಲ್ಲ. ಹೋಟೆಲಿನಲ್ಲಿ ‘ಕಾಫಿ ಎರಡು ಲೋಟ’ ಎನ್ನುತ್ತೇವೆ. ಅವರೂ ‘ಕಾಫೆ ಸೋಂಗ್ ಕೆವ್’ ಎನ್ನುತ್ತಾರೆ: ಕಾಫಿ, ಎರಡು, ಲೋಟ. ನಾವು ಅಂಗಡಿಯಲ್ಲಿ ಅಣ್ಣ, ಅಕ್ಕ, ತಮ್ಮ ಎನ್ನುವ ಹಾಗೆ ಅಲ್ಲಿ ದೊಡ್ಡವರಿಗೆ ‘ಫೀ’, ಚಿಕ್ಕವರಿಗೆ ‘ನೋಂಗ್’. ಹೋದ ಮೊದಲ ದಿನದಿಂದಲೇ ಹಾಗೆ ಕರೆಯಿರಿ. ಪಕ್ಕದ ಮನೆಯವರು ಬೇಗ ಹತ್ತಿರವಾಗುತ್ತಾರೆ.

ಪ್ರಶ್ನೆ: ಒಬ್ಬ ಥಾಯ್ ಟೀಚರಮ್ಮನ ವಿಡಿಯೋ ನೋಡಿ ಕಲಿಯುತ್ತಿದ್ದೇನೆ. ನಮಸ್ಕಾರಕ್ಕೆ ಅವರ ಹಾಗೇ ‘ಸವಾತ್‌ದೀ ಖಾ’ ಎನ್ನುತ್ತೇನೆ. ಗಂಡಸರು ಹಾಗನ್ನಬಾರದು ಎಂದು ಸ್ನೇಹಿತ ಹೇಳಿದ. ನಿಜವಾ?
— ಓದುಗರು, ಮಂಗಳೂರು

ಉತ್ತರ: ನಿಜ. ಮಾತಿನ ಕೊನೆಗೆ ಮರ್ಯಾದೆಗೆ ಸೇರಿಸುವ ಪದ ಅದು. ಹೇಳುವವರು ಹೆಂಗಸಾದರೆ ‘ಖ’, ಗಂಡಸಾದರೆ ‘ಖ್ರಪ್’. ಎದುರಿಗೆ ಯಾರಿದ್ದಾರೆ ಎಂಬುದು ಲೆಕ್ಕಕ್ಕಿಲ್ಲ. ಬೀದಿಯಲ್ಲಿ ರಕಾರ ಬಿದ್ದು ‘ಖಪ್’ ಎಂದೇ ಕೇಳಿಸುತ್ತದೆ, ನೀವೂ ಹಾಗೆ ಹೇಳಬಹುದು. ಹೆಂಗಸರು ಮಾತ್ರ ಒಂದು ನೆನಪಿಡಬೇಕು: ವಿಷಯ ಹೇಳುವಾಗ ‘ಖ’ ಇಳಿ ಸ್ವರ, ಪ್ರಶ್ನೆ ಕೇಳುವಾಗ ಎತ್ತರ ಸ್ವರ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಹತ್ತು ದಿನದ ಪ್ರವಾಸ. ನಾವು ಅಪ್ಪಟ ಸಸ್ಯಾಹಾರಿಗಳು. ಪೂರ್ತಿ ಭಾಷೆ ಕಲಿಯುವಷ್ಟು ಟೈಮ್ ಇಲ್ಲ. ಊಟಕ್ಕೆ ಬೇಕಾದಷ್ಟು ಹೇಳಿಕೊಡಿ.
— ಓದುಗರು, ಮೈಸೂರು

ಉತ್ತರ: ಎರಡು ಪದ ಚೆನ್ನಾಗಿ ಕಲಿಯಿರಿ. ಒಂದು ‘ಮಂಗ್ಸವಿರತ್’. ಬಿಡಿಸಿ ನೋಡಿ, ಅದು ನಮ್ಮ ಮಾಂಸ ಮತ್ತು ವಿರತಿ. ಇದರಲ್ಲಿ ಮೊಟ್ಟೆ, ಹಾಲು ಇರಬಹುದು. ಇನ್ನೊಂದು ‘ಚೇ’, ಸಮ ಸ್ವರ. ಇದು ಇನ್ನೂ ಕಟ್ಟುನಿಟ್ಟು: ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಈ ಪದ ಬರೆದ ಅಂಗಡಿ ಕಂಡರೆ ನಿಶ್ಚಿಂತೆಯಿಂದ ಕೂರಿ. ಚೇ ಹಬ್ಬ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೇ ಬರುತ್ತದೆ. ನೀವು ಹೋದಾಗ ಸಿಕ್ಕಿದರೆ ರಸ್ತೆ ತುಂಬ ಆ ಬಾವುಟ ಇರುತ್ತದೆ. ಗಂಡಸರು ‘ಫೊಮ್ ಕಿನ್ ಚೇ’ ಎನ್ನಿ, ಹೆಂಗಸರು ‘ಛನ್ ಕಿನ್ ಚೇ’. ಕಿನ್ ಎಂದರೆ ತಿನ್ನು.

ಇಷ್ಟಕ್ಕೇ ಬಿಡಬೇಡಿ. ‘ಮಾಂಸ ಬೇಡ’ ಎಂದರೆ ಅಲ್ಲಿನ ಅಡುಗೆಯವರಿಗೆ ಮೀನಿನ ಸಾಸ್ ನೆನಪಾಗದೇ ಇರಬಹುದು. ನಮಗೆ ಉಪ್ಪು ಹೇಗೋ ಅವರಿಗೆ ಅದು ಹಾಗೆ. ಅದರ ಹೆಸರು ‘ನಮ್ ಪ್ಲಾ’. ‘ಮೈ ಸೈ ನಮ್ ಪ್ಲಾ’ ಎಂದರೆ ಮೀನಿನ ಸಾಸ್ ಹಾಕಬೇಡಿ. ‘ಮೈ’ ಇಳಿ, ‘ಸೈ’ ತಗ್ಗು. ಈ ‘ಮೈ ಸೈ’ ನಿಮ್ಮ ಬಾಯಲ್ಲಿ ಕೂತರೆ ಮುಂದೆ ಏನು ಬೇಕಾದರೂ ಸೇರಿಸಬಹುದು: ಕುಂಗ್ (ಸಿಗಡಿ), ಖೈ (ಮೊಟ್ಟೆ), ನಮ್ ಮನ್ ಹೋಯ್ (ಚಿಪ್ಪುಮೀನಿನ ಸಾಸ್). ಇನ್ನೊಂದು ಇದೆ, ‘ಕಪಿ’. ಸಿಗಡಿಯನ್ನು ಉಪ್ಪು ಹಾಕಿ ಹುಳಿ ಬರಿಸಿದ ಪೇಸ್ಟ್. ಕೆಂಪು, ಹಸಿರು ಕರಿಗಳ ಮಸಾಲೆಯಲ್ಲಿ ಮೊದಲೇ ರುಬ್ಬಿರುತ್ತಾರೆ, ಕಣ್ಣಿಗೆ ಕಾಣಲ್ಲ. ಹಾಗಾಗಿ ಚೇ ಅಂಗಡಿ ಬಿಟ್ಟು ಬೇರೆ ಕಡೆ ಕರಿ ತಗೋಬೇಡಿ ಎಂದೇ ನನ್ನ ಸಲಹೆ. ಖಾರ ಬೇಡವಾದರೆ ‘ಮೈ ಫೆತ್’. ಅವರ ಖಾರ ನಮ್ಮ ಗುಂಟೂರು ಮೆಣಸಿನಕಾಯಿಗೆ ಸೋಲುವಂಥದ್ದಲ್ಲ.

ಪ್ರಶ್ನೆ: ಥಾಯ್‌ನಲ್ಲಿ ಸಂಸ್ಕೃತ ಪದ ತುಂಬ ಇವೆಯಂತೆ. ಹಾಗಾದರೆ ನಮಗೆ ಸುಲಭ ಅಲ್ವಾ? ಲಿಪಿಯನ್ನೂ ಕಲಿಯಬೇಕಾ, ಮಾತು ಸಾಕಾ? ಎಷ್ಟು ಕಾಲ ಬೇಕು?
— ವಿದ್ಯಾರ್ಥಿ, ಬೆಂಗಳೂರು

ಉತ್ತರ: ಪದಗಳು ನಿಜಕ್ಕೂ ಇವೆ. ನಿಮ್ಮ ‘ಸವಾತ್‌ದೀ’ಯೇ ಸ್ವಸ್ತಿ. ನಮ್ಮ ಶಾಸನಗಳು ಶುರುವಾಗುವುದು ‘ಸ್ವಸ್ತಿ ಶ್ರೀ’ ಎಂದು, ಅವರ ನಮಸ್ಕಾರವೂ ಅದೇ ಪದ. ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಭಾಷಾ ಪಂಡಿತ ಫ್ರಯಾ ಉಪಕಿತ್ ಸಿಲ್ಪಸಾನ್ ಇದನ್ನು ಬಳಕೆಗೆ ತಂದರು, 1943ರಲ್ಲಿ ಸರ್ಕಾರ ಅಧಿಕೃತ ಮಾಡಿತು. ವಾರದ ದಿನಗಳು ಆಥಿತ್, ಚನ್, ಅಂಗ್‌ಖಾನ್, ಫುತ್. ಆದಿತ್ಯ, ಚಂದ್ರ, ಅಂಗಾರಕ, ಬುಧ ಕಾಣಿಸಿದರಾ? ಗುರುತು ಹಿಡಿಯಲು ಒಂದು ಸೂತ್ರ ಹೇಳುತ್ತೇನೆ. ನಮ್ಮ ಗ ಅವರಲ್ಲಿ ಖ, ದ ಹೋಗಿ ಥ, ಬ ಮತ್ತು ಭ ಹೋಗಿ ಫ, ಜ ಹೋಗಿ ಛ. ಗುರು ಖ್ರೂ ಆಗುತ್ತಾನೆ, ಭಾಷೆ ಫಾಸಾ, ಜೀವಿತ ಛೀವಿತ್. ತ ಮಾತ್ರ ದ ಆಗುತ್ತದೆ, ಪ ಬ ಆಗುತ್ತದೆ: ತಾರಾ ದಾರಾ, ಪಾಪ ಬಾಪ್. ಕೊನೆಯ ರ, ಲ ಎರಡೂ ನ್: ನಗರ ನಖೋನ್, ಆಹಾರ ಆಹಾನ್.

ಆದರೆ ಇದನ್ನೇ ನಂಬಿ ಕೂರಬೇಡಿ. ಅರ್ಥ ಬದಲಾಗಿರುತ್ತದೆ: ‘ಸಾಮೀ’ ಅಂದರೆ ಗಂಡ, ‘ಪ್ರಥೇತ್’ ಅಂದರೆ ದೇಶ. ಅಲ್ಲದೆ ಈ ಪದಗಳು ಜಾಸ್ತಿ ಬರುವುದು ಪತ್ರಿಕೆಯಲ್ಲಿ, ಕಚೇರಿಯಲ್ಲಿ. ತಿನ್ನು, ಬಾ, ನೀರು, ಅನ್ನ, ದೊಡ್ಡದು, ಚಿಕ್ಕದು ಎಲ್ಲ ಅಚ್ಚ ಥಾಯ್. ಮಾತು ಶುರುವಾಗುವುದು ಅಲ್ಲಿಂದ.

ಕಾಲದ ಲೆಕ್ಕ ಕೇಳಿದಿರಿ. ಅಮೆರಿಕ ಸರ್ಕಾರ ತನ್ನ ರಾಯಭಾರ ಸಿಬ್ಬಂದಿಗೆ ಥಾಯ್ ಕಲಿಸಲು ಸುಮಾರು 1100 ಗಂಟೆ ಪಾಠ ಇಟ್ಟಿದೆ. ಅದು ಇಂಗ್ಲಿಷ್‌ನಿಂದ ಹೋಗುವವರಿಗೆ, ಕಚೇರಿ ಕೆಲಸ ನಡೆಸುವ ಮಟ್ಟಕ್ಕೆ. ಮಾರ್ಕೆಟ್, ಆಟೋ, ನೆರೆಮನೆ ಮಾತಿಗೆ ದಿನಕ್ಕೆ ಅರ್ಧ ಗಂಟೆಯಂತೆ ನಾಲ್ಕೈದು ತಿಂಗಳು ಗಟ್ಟಿಯಾಗಿ ಕೂತರೆ ಸಾಕು. ನನ್ನ ಹತ್ತಿರ ಕಲಿತವರಲ್ಲಿ ನಾನು ಕಂಡದ್ದು ಇದು. ವಾರಕ್ಕೊಮ್ಮೆ ಮೂರು ಗಂಟೆ ಕೂರುವವರಿಗೆ ಬಂದದ್ದು ನೋಡಿಲ್ಲ.

ಲಿಪಿ ಕಲಿಯಿರಿ, ಆದರೆ ಎರಡನೇ ತಿಂಗಳಿಂದ. ಮೊದಲು ಕಿವಿ ಪಳಗಲಿ. ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಕಾಂಬೋಡಿಯಾದ ಖಮೇರ್ ಲಿಪಿ ಬಂತು, ಅದರಿಂದ ಥಾಯ್ ಲಿಪಿ. ಹಾಗಾಗಿ ಕ, ಖ, ಙ, ಚ ಎಂಬ ನಮ್ಮ ವರ್ಗಗಳ ಸಾಲು ಅಲ್ಲೂ ಇದೆ. ನಾವು ಬರೆದು ಕಲಿತು ಎಲ್ಲೂ ಪದದ ಮೊದಲಿಗೆ ಬಳಸದ ಙ ಅಲ್ಲಿ ಕೆಲಸಕ್ಕೆ ಬರುತ್ತದೆ: ‘ಙೂ’ ಎಂದರೆ ಹಾವು. ಕಷ್ಟ ಇಲ್ಲ ಎನ್ನಲಾರೆ. 44 ವ್ಯಂಜನ, ಪದಗಳ ನಡುವೆ ಜಾಗ ಬಿಡಲ್ಲ, ಎಕಾರದ ಗುರುತು ಅಕ್ಷರಕ್ಕಿಂತ ಮುಂಚೆ ಬರುತ್ತದೆ. ಆದರೂ ಕಲಿತರೆ ಲಾಭ ದೊಡ್ಡದು. ಟೋನ್ ಯಾವುದೆಂದು ಬರವಣಿಗೆಯೇ ಹೇಳುತ್ತದೆ. ಟೋನ್ ಗುರುತುಗಳ ಹೆಸರು ಏಕ್, ಥೋ, ತ್ರೀ, ಚತ್ತವಾ. ಒಂದು, ಎರಡು, ಮೂರು, ನಾಲ್ಕು, ಅಷ್ಟೇ. ಮಾತಿನಲ್ಲಿ ‘ಚನ್’ ಎಂದಷ್ಟೇ ಕೇಳುವ ಚಂದ್ರ ಬರಹದಲ್ಲಿ ಪೂರ್ತಿ ಇರುತ್ತಾನೆ. ಉಚ್ಚರಿಸದ ಕೊನೆಯ ಅಕ್ಷರದ ತಲೆ ಮೇಲೆ ಒಂದು ಸಣ್ಣ ಗುರುತು ಇರುತ್ತದೆ. ಅದರ ಹೆಸರು ಥನ್‌ಥಖಾತ್, ನಮ್ಮ ಬಾಯಲ್ಲಿ ದಂಡಘಾತ.

ಮಕ್ಕಳ ಅಕ್ಷರಮಾಲೆಯ ಚಿತ್ರಪಟ ಒಂದು ಕೊಂಡು ಗೋಡೆಗೆ ಅಂಟಿಸಿ. ನಮ್ಮ ‘ಅ ಅರಸ, ಆ ಆನೆ’ ಹಾಗೆ ಅವರಲ್ಲೂ ಪ್ರತಿ ಅಕ್ಷರಕ್ಕೆ ಒಂದು ಚಿತ್ರ. ಮೊದಲ ಎರಡು ಚಿತ್ರ ನೋಡಿದ ಕೂಡಲೇ ನಿಮಗೆ ಗೊತ್ತಾಗುತ್ತದೆ: ‘ಕೋ ಕೈ’, ‘ಖೋ ಖೈ’. ಒಂದು ಕೋಳಿ, ಪಕ್ಕದಲ್ಲಿ ಒಂದು ಮೊಟ್ಟೆ.