ಹಗಲುಗುರುಡಿನ ಮೂವರು ಡಾಕ್ಟರ್‌ಗಳು

ಡಿಸಿ ಕಾಮಿಕ್ಸ್‌ನ ಸೂಪರ್‌ಹೀರೋ ಡಾಕ್ಟರ್ ಮಿಡ್‌ನೈಟ್ ಅಂದ್ರೆ ಒಬ್ಬರಾ ಮೂವರಾ, ಮಾರ್ವೆಲ್‌ನ ಕುರುಡು ಹೀರೋ ಡೇರ್‌ಡೆವಿಲ್‌ನ ನಕಲಾ, ಯಾವುದರಿಂದ ಓದಲಿ ಅಂತ ಕೇಳಿದ್ದೀರಿ.

ಒಂದೇ ಹೆಸರಿನ ಮೂವರು, ಒಬ್ಬರಾದ ಮೇಲೆ ಒಬ್ಬರು. ನಕಲಲ್ಲ. ಡೇರ್‌ಡೆವಿಲ್ ಬಂದದ್ದು 1964ರಲ್ಲಿ. ಮೊದಲ ಮಿಡ್‌ನೈಟ್ 1941ರಲ್ಲೇ ಆಲ್-ಅಮೆರಿಕನ್ ಕಾಮಿಕ್ಸ್‌ನ 25ನೇ ಸಂಚಿಕೆಯಲ್ಲಿ ಬಂದಾಗಿತ್ತು. ಸುಮ್ನೆ ಗೂಬೆ ಕೂರಿಸೋದು ಬೇಡ!

ಗೂಬೆ ಅಂದೆ ನೋಡಿ, ಕಥೆ ಶುರುವಾಗೋದೇ ಅದರಿಂದ. ಮೊದಲನೆಯವನು ಸರ್ಜನ್ ಚಾರ್ಲ್ಸ್ ಮೆಕ್‌ನೈಡರ್. ಅವನು ಒಬ್ಬ ಸಾಕ್ಷಿಗೆ ಚಿಕಿತ್ಸೆ ಕೊಡುವಾಗ ರೌಡಿಗಳು ಗ್ರೆನೇಡ್ ಎಸೆಯುತ್ತಾರೆ. ಕಣ್ಣು ಹೋಗುತ್ತದೆ. ಒಂದು ರಾತ್ರಿ ಕಿಟಕಿ ಗಾಜು ಒಡೆದು ಗೂಬೆಯೊಂದು ಒಳಗೆ ಬೀಳುತ್ತದೆ. ಅವನು ಕಣ್ಣಿನ ಪಟ್ಟಿ ಬಿಚ್ಚುತ್ತಾನೆ. ಕತ್ತಲಲ್ಲಿ ಗೂಬೆ ಕಾಣುತ್ತಿದೆ! ನಮ್ಮ ಕಡೆ ಆಗಿದ್ದರೆ ಗೂಬೆ ಬಂತು ಅಂತ ಶಾಂತಿ ಮಾಡಿಸುತ್ತಿದ್ದರು. ಇವನು ಅದನ್ನೇ ಸಾಕಿ, ಹೂಟಿ ಅಂತ ಹೆಸರಿಟ್ಟ. ಇರುಳುಗುರುಡು ಗೊತ್ತಲ್ವಾ, ಇವನದ್ದು ಹಗಲುಗುರುಡು. ಬೆಳಕಲ್ಲಿ ಕಾಣಲು ವಿಶೇಷ ಕನ್ನಡಕ ಬೇಕು. ಹೊಡೆದಾಟದಲ್ಲಿ ಮಾತ್ರ ಕತ್ತಲೆ ಬಾಂಬ್ ಎಸೆದು ಎಲ್ಲರನ್ನೂ ಕುರುಡರನ್ನಾಗಿ ಮಾಡುತ್ತಾನೆ. ನನಗೆ ಇಷ್ಟವಾಗಿದ್ದು ಈ ಉಪಾಯವೇ.

ಎರಡನೆಯವಳು ಬೆತ್ ಚಾಪೆಲ್, ಕಪ್ಪು ವೈದ್ಯೆ. 1985ರಲ್ಲಿ ಇನ್ಫಿನಿಟಿ ಇಂಕ್ ಅನ್ನೋ ಕಾಮಿಕ್‌ನ 19ನೇ ಸಂಚಿಕೆಯಲ್ಲಿ ಮೊದಲು ಕಾಣಿಸಿದಳು. ಚಿತ್ರ ಟಾಡ್ ಮೆಕ್‌ಫಾರ್ಲೇನ್ ಅವರದ್ದು. ಪಾತ್ರಕ್ಕೆ ನ್ಯಾಯ ಸಿಗಲಿಲ್ಲ ಅನ್ನೋದು ನನ್ನ ಬೇಸರ. 1993ರಲ್ಲಿ ಎಕ್ಲಿಪ್ಸೊ ಅನ್ನೋ ಖಳನ ಕಥೆಯಲ್ಲಿ ಸಾಯಿಸಿಬಿಟ್ಟರು. ಮರುವರ್ಷ ಮೆಕ್‌ನೈಡರ್‌ನದ್ದೂ ಮುಗಿಯಿತು.

ಮೂರನೆಯವನು ಪೀಟರ್ ಕ್ರಾಸ್. ಬಡವರಿಗೆ ಕ್ಲಿನಿಕ್ ನಡೆಸುವ ಡಾಕ್ಟರ್. ಯಾರೋ ಮದ್ದು ಹಾಕಿದ ಮೇಲೆ ಕಾರು ಅಪಘಾತ ಆಗಿ ಕಣ್ಣು ಹೋಗುತ್ತದೆ, ಒಬ್ಬ ಹುಡುಗಿಯೂ ಸಾಯುತ್ತಾಳೆ. ಆ ಪಾಪಪ್ರಜ್ಞೆ ಇರೋದ್ರಿಂದಲೇ ಮೂವರಲ್ಲಿ ಇವನು ಜಾಸ್ತಿ ಮನುಷ್ಯನಂತೆ ಕಾಣುತ್ತಾನೆ. ಇವನ ಗೂಬೆ ಹೆಸರು ಚಾರ್ಲಿ. ಯಾರ ನೆನಪಿಗೆ ಅಂತ ಹೇಳಬೇಕಾಗಿಲ್ಲ.

ಹಾಗಾಗಿ ಇವನಿಂದಲೇ ಶುರು ಮಾಡಿ. 1999ರ ಮೂರು ಸಂಚಿಕೆಗಳ ಸರಣಿ, ಮ್ಯಾಟ್ ವ್ಯಾಗ್ನರ್ ಬರೆದದ್ದು. ಹಿಂದಿನದು ಏನೂ ಗೊತ್ತಿಲ್ಲದಿದ್ದರೂ ಅರ್ಥವಾಗುತ್ತದೆ. ಹಿಡಿಸಿದರೆ ಜೆಎಸ್‌ಎ (ಜಸ್ಟಿಸ್ ಸೊಸೈಟಿ ಆಫ್ ಅಮೆರಿಕ ಅನ್ನೋ ಹೀರೋಗಳ ತಂಡದ ಕಾಮಿಕ್) ಓದಿ. 1941ರ ಮೂಲ ಪ್ರತಿಯ ಆಸೆ ಬಿಡಿ, ಮರುಮುದ್ರಣ ಸಾಕು. ಇದೇ ಪಾತ್ರಗಳಿರುವ ಸ್ಟಾರ್‌ಗರ್ಲ್ ಟಿವಿ ಧಾರಾವಾಹಿ ನೋಡಿದ್ದರೆ ಗೊಂದಲ ಬೇಡ, ಅಲ್ಲಿನ ಬೆತ್ ಕಣ್ಣು ಕಾಣುವ ಹೈಸ್ಕೂಲ್ ಹುಡುಗಿ.

ಹುಡುಕುವಾಗ ಒಂದು ನೆನಪಿರಲಿ. ಇಬ್ಬರು ಗಂಡಸರ ಹೆಸರಲ್ಲಿ 'ಮಿಡ್' ಆದಮೇಲೆ ಅಡ್ಡಗೆರೆ, ಆಮೇಲೆ ಎನ್-ಐ-ಟಿ-ಇ. ಬೆತ್‌ಳದ್ದು ಡಿಕ್ಷನರಿಯ ಸ್ಪೆಲಿಂಗ್. ಎರಡನ್ನೂ ಹಾಕಿ ನೋಡಿ, ಇಲ್ಲದಿದ್ದರೆ ಅರ್ಧ ಪುಸ್ತಕಗಳು ಸಿಗೋದೇ ಇಲ್ಲ.